ಕಡಲೆ ಕಟ್ಟಿನ ಐಸಿಂಗ್

ಜನವರಿ ಹದಿಮೂರು, ಸಂಕ್ರಾಂತಿಯ ಹಿಂದಿನ ದಿನ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ತುಮಕೂರಿನ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು: ನಾನು, ಕುಕ್ಕರು, ಮತ್ತು ಅದರೊಳಗೆ ರಾತ್ರಿಯೆಲ್ಲ ನೆನೆದ ಅರ್ಧ ಕೆ.ಜಿ. ಕಾಬೂಲಿ ಕಡಲೆ. ಸೊಸೆ ಇನ್ನೂ ಎದ್ದಿರಲಿಲ್ಲ. ಹಿಂದಿನ ದಿನವೆಲ್ಲ ಓವನ್ ಮುಂದೆ ನಿಂತು ಅರವತ್ತನಾಲ್ಕು ಬಿಸ್ಕತ್ತು ಬೇಯಿಸಿದ್ದಳು, ಅದಕ್ಕಾಗಿ ಒಂದು ಗಂಟೆ ಹೆಚ್ಚಿಗೆ ಮಲಗಲು ರಜೆ ಮಂಜೂರು ಮಾಡಿದ್ದೆ. ಮಗನೂ ಎದ್ದಿರಲಿಲ್ಲ, ಅವನಿಗೆ ಮಲಗಲು ಕಾರಣ ಬೇಕಿಲ್ಲ. ಹೆಂಡತಿ ಮಗಳ ಬಾಣಂತನಕ್ಕೆಂದು ಕುಣಿಗಲ್‌ಗೆ ಹೋಗಿ ಐದನೇ ವಾರ ನಡೆಯುತ್ತಿತ್ತು.

ಹೀಗೆ ಗಂಟೆ, ನಿಮಿಷ, ಹಾಜರಿ ಬರೆಯುವುದು ನನ್ನ ಚಾಳಿ. ಕೆಲಸದ ವರ್ಷಗಳನ್ನೆಲ್ಲ ನಿಟ್ಟೂರಿನಂಥ ಸಣ್ಣ ಊರುಗಳಲ್ಲಿ ಸ್ಟೇಷನ್ ಮಾಸ್ತರನಾಗಿ ಕಳೆದವನು ನಾನು. ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು, ಆಗ ಡ್ಯೂಟಿಯಲ್ಲಿ ಯಾರಿದ್ದರು ಎಂದು ಪುಸ್ತಕದಲ್ಲಿ ಬರೆಯದಿದ್ದರೆ ಗಾಡಿ ಹೋಗಿಯೇ ಇಲ್ಲ ಎಂದು ಲೆಕ್ಕ. ನಿವೃತ್ತಿಯಾದ ಮೇಲೆ ಗಾಡಿಗಳು ನನ್ನ ಪಾಲಿಗೆ ನಿಂತವು, ಬರೆಯುವುದು ನಿಲ್ಲಲಿಲ್ಲ. ಹೆಂಡತಿ ಕುಣಿಗಲ್‌ಗೆ ಹೊರಟ ದಿನವೇ ಅವಳನ್ನು ಕೂರಿಸಿಕೊಂಡು, ಅನ್ನಕ್ಕೆ ಎಷ್ಟು ನೀರು, ಬೇಳೆಗೆ ಎಷ್ಟು ಕೂಗು ಎಂದು ಕೇಳಿ ಕೇಳಿ ಬರೆದು, ಆ ಪಟ್ಟಿಯನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ. ಒಟ್ಟು ಹದಿನಾಲ್ಕು ಸಾಲು. ಆರನೆಯ ಸಾಲು ಹೀಗಿತ್ತು: ‘ಕಾಳು. ನೆನೆಸಿದ್ದು. ಮೇಲೆ ಎರಡು ಬೆರಳು ನೀರು. ಉಪ್ಪು ಒಂದೂವರೆ ಚಮಚ. ನಾಲ್ಕು ಕೂಗು.’

ಆರನೆಯ ಸಾಲಿನ ಪ್ರಕಾರ ಎಲ್ಲ ಮಾಡಿದೆ. ಆರು ಗಂಟೆ ಎರಡು ನಿಮಿಷಕ್ಕೆ ನಾಲ್ಕನೆಯ ಕೂಗು.

ಇಷ್ಟು ಹೊತ್ತಿಗೆ ಕಡಲೆ ಬೇಯಿಸಿದ್ದು ತಿನ್ನಲಿಕ್ಕಲ್ಲ. ಅದು ಬೆಂದ ನೀರಿಗಾಗಿ. ಅದರ ಹಿಂದಿನ ಕಥೆ ಹೇಳಬೇಕಾದರೆ ಗುಬ್ಬಿಗೆ ಹೋಗಬೇಕು.

ಗುಬ್ಬಿಯಲ್ಲಿ ನನ್ನ ಅಕ್ಕ ಇದ್ದಾಳೆ. ನನಗಿಂತ ಎಂಟು ವರ್ಷ ದೊಡ್ಡವಳು, ಮಗನ ಜೊತೆ ವಾಸ. ಮದುವೆಯಾಗಿ ಆ ಬೀದಿಗೆ ಕಾಲಿಟ್ಟ ವರ್ಷದಿಂದ ಒಂದು ಸಂಕ್ರಾಂತಿಯೂ ತಪ್ಪದಂತೆ ಇಪ್ಪತ್ತೊಂದು ಮನೆಗೆ ಎಳ್ಳು ಬೀರಿದ್ದಾಳೆ. ಎಳ್ಳು ಬೆಲ್ಲ ಯಾರು ಬೇಕಾದರೂ ಕೊಡುತ್ತಾರೆ. ಅಕ್ಕನ ತಟ್ಟೆಗೆ ಹೆಸರು ಬಂದದ್ದು ಅದರ ಮೇಲಿನ ಸಕ್ಕರೆ ಅಚ್ಚಿನಿಂದ. ಆನೆ, ಗಿಣಿ, ಗೋಪುರ, ತುಳಸಿ ಕಟ್ಟೆ, ಎಲ್ಲವೂ ಹಲ್ಲಿನಷ್ಟು ಬೆಳ್ಳಗೆ, ಹಲ್ಲಿಗಿಂತ ಗಟ್ಟಿ. ಪ್ರತಿವರ್ಷ ಅದನ್ನು ಪಡೆಯುವ ಮನೆಗಳಲ್ಲಿ ಕೆಲವರು, ಈ ಸಲದ ಆನೆಗೆ ಸೊಂಡಿಲು ಸಣ್ಣದಾಯಿತು ಎಂದು ಹೇಳಿಕೊಂಡೇ ಡಬ್ಬಿಗೆ ತುಂಬಿಡುತ್ತಾರೆ. ಅವರ ಮನೆಯಿಂದ ಬರುವ ಅಚ್ಚು ಮಾರುಕಟ್ಟೆಯ ಪ್ಲಾಸ್ಟಿಕ್ ಕವರ್ ಸಮೇತ ಬರುತ್ತದೆ. ಅದನ್ನು ಯಾರೂ ವಿಮರ್ಶೆ ಮಾಡುವುದಿಲ್ಲ, ಏಕೆಂದರೆ ಯಾರೂ ತೆರೆಯುವುದಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಸುತ್ತಿ ಸುತ್ತಿ ಕೆಲವು ಕವರು ಹೊರಟ ಮನೆಗೇ ಬಂದು ಸೇರುತ್ತವೆ.

ಈ ಕಾರ್ತಿಕದಲ್ಲಿ ಅಕ್ಕ ಅಂಗಳದಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈಯಲ್ಲಿ ಸೌಟು ನಿಲ್ಲುವುದಿಲ್ಲ. ನಾವೆಲ್ಲ ಒಬ್ಬರ ಹಿಂದೆ ಒಬ್ಬರು ಹೋಗಿ ನೋಡಿಕೊಂಡು ಬಂದೆವು. ಎಲ್ಲರೂ ಸೇಬು ಕೊಟ್ಟೆವು, ಎಲ್ಲರೂ ರೆಸ್ಟ್ ತಗೋ ಎಂದೆವು. ಅವಳ ಮಗ, ಈ ವರ್ಷ ಅಂಗಡಿಯಿಂದ ಎರಡು ಕೆ.ಜಿ. ಅಚ್ಚು ತಂದುಬಿಡುತ್ತೇನೆ, ತಲೆ ಕೆಡಿಸಿಕೊಳ್ಳಬೇಡ ಎಂದ. ಅದಕ್ಕೆ ಅಕ್ಕ ಎರಡು ದಿನ ಅವನ ಹತ್ತಿರ ಮಾತು ಬಿಟ್ಟಳು. ಮೂರನೆಯ ದಿನ ನನಗೆ ಫೋನ್ ಮಾಡಿದಳು.

“ಮನೇಲಿ ಮಾಡಿದ್ದಲ್ದೆ ತಟ್ಟೇಲಿ ಇಡಲ್ಲ ಕಣೋ. ಕೈಲಾಗ್ದಿದ್ರೆ ಈ ವರ್ಷ ಎಳ್ಳೇ ಬೀರಲ್ಲ. ಬಾಗಿಲು ಹಾಕ್ಕೊಂಡು ಒಳಗೆ ಕೂತಿರ್ತೀನಿ.”

ಹಾಕಿಕೊಂಡು ಕೂರುವವಳೇ ಅವಳು. ಆ ಬೀದಿಯಲ್ಲಿ ಸಂಕ್ರಾಂತಿಯ ದಿನ ಬಾಗಿಲು ಹಾಕಿದ ಮನೆ ಎಂದರೆ ಸೂತಕದ ಮನೆ. ಈ ಮಾತನ್ನು ರಾತ್ರಿ ಊಟದ ಹೊತ್ತಿಗೆ ನಾನು ಹೇಳಿದೆ. ಮಗ ಪಾಪ ಎಂದು ಹೇಳಿ ಮಜ್ಜಿಗೆ ಹಾಕಿಸಿಕೊಂಡ. ಸೊಸೆ ಮಾತ್ರ, ಗುಬ್ಬಿ ಅತ್ತೆಗೆ ನಾನು ಮಾಡಿಕೊಡಲಾ ಎಂದಳು.

ಅವಳಿಗೆ ಸಕ್ಕರೆ ಅಚ್ಚು ಬಾರದು. ಬರುವುದು ಬಿಸ್ಕತ್ತು. ತುಮಕೂರಿನಲ್ಲಿ ಈಗ ಬೀದಿಗೆ ಮೂವರು ಕೇಕ್ ಮಾಡುವವರಿದ್ದಾರೆ, ನಮ್ಮ ಬೀದಿಯ ಮೂವರಲ್ಲಿ ಇವಳೊಬ್ಬಳು. ಡಿಸೆಂಬರಿನಲ್ಲಿ ಕ್ರಿಸ್‌ಮಸ್‌ಗೆಂದು ಯಾರೋ ಹೇಳಿ ಮಾಡಿಸಿಕೊಂಡ ಬಿಸ್ಕತ್ತಿನ ಮೇಲೆ ಸಕ್ಕರೆಯ ಚಿತ್ರ ಬರೆದುಕೊಟ್ಟಿದ್ದಳು. ಆ ಸಕ್ಕರೆ ಮೊದಲು ಗಂಜಿಯಂತಿದ್ದು ಆಮೇಲೆ ಸುಣ್ಣದ ಗೋಡೆಯಂತೆ ಗಟ್ಟಿಯಾಗುತ್ತದೆ. ಅದಕ್ಕೆ ಐಸಿಂಗ್ ಎನ್ನುತ್ತಾರೆ. ಅಚ್ಚಿನ ಬದಲು ಬಿಸ್ಕತ್ತು, ಅದರ ಮೇಲೆ ಬಿಳಿ ಗಟ್ಟಿ ಸಕ್ಕರೆ. ಮನೆಯಲ್ಲಿ ಮಾಡಿದ್ದೇ ಆಯಿತಲ್ಲ ಎಂಬುದು ಅವಳ ವಾದ.

ಅಕ್ಕನಿಗೆ ಫೋನಿನಲ್ಲಿ ವಿವರಿಸಿದೆ. ಅವಳು ಷರತ್ತು ಹಾಕಿದಳು.

“ಬೆಳ್ಳಗಿರ್ಬೇಕು. ಕಡಿದ್ರೆ ಕಟಕ್ ಅನ್ಬೇಕು. ಮೊಟ್ಟೆ ಇರ್ಬಾರ್ದು. ಮೂರೂ ಆದ್ರೆ ತಗೊಂಡ್ಬಾ.”

ಸಿಹಿಯಾಗಿರಬೇಕು ಎಂದು ಹೇಳಲಿಲ್ಲ. ಸಕ್ಕರೆಯ ವಿಷಯದಲ್ಲಿ ಅದನ್ನು ಯಾರೂ ಹೇಳುವುದಿಲ್ಲ.

ಮೊಟ್ಟೆಯ ಷರತ್ತು ಸೊಸೆಯ ಮೇಲಿನದು. ಅವಳು ಕೇಕ್ ಕಲಿತವಳು ಎಂದು ಗೊತ್ತಾದ ದಿನದಿಂದ ಅಕ್ಕ ಅವಳ ಕೈಯ ಒಂದು ಚಮಚ ಕೋಸಂಬರಿಯನ್ನೂ ಬಾಯಿಗೆ ಹಾಕಿಲ್ಲ. ಆಮೇಲೆ ತಿಂತೀನಿ ಇಡಮ್ಮ ಎನ್ನುತ್ತಾಳೆ, ಅದು ಇಟ್ಟಲ್ಲೇ ಇರುತ್ತದೆ. ನಿಜ ಹೇಳಬೇಕೆಂದರೆ ನಮ್ಮ ಮನೆಯೊಳಗೆ ಮೊಟ್ಟೆ ಬಂದಿಲ್ಲ. ನನ್ನ ಮಗ ವಾರಕ್ಕೆರಡು ಸಲ ಬಿ.ಎಚ್. ರಸ್ತೆಯ ಗಾಡಿಯಲ್ಲಿ ಆಮ್ಲೆಟ್ ತಿಂದು, ಬಾಯಿಗೆ ಸೋಂಪು ಹಾಕಿಕೊಂಡು ಒಳಗೆ ಬರುತ್ತಾನೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಕ ತುಪ್ಪ ಬಡಿಸುತ್ತಾಳೆ. ಮೊಟ್ಟೆಯನ್ನು ಮುಟ್ಟದ ಸೊಸೆಗೆ ಮೊಟ್ಟೆಯ ಹೆಸರು, ಅದನ್ನು ತಿನ್ನುವ ಮಗನಿಗೆ ತುಪ್ಪ. ನಮ್ಮ ಆಚಾರ ಹೊಸ್ತಿಲು ಕಾಯುತ್ತದೆ, ಹೊಟ್ಟೆ ಕಾಯುವುದಿಲ್ಲ.

ಮೊಟ್ಟೆಯ ಬಿಳಿ ಇಲ್ಲದೆ ಐಸಿಂಗ್ ನೊರೆ ಕಟ್ಟುವುದಿಲ್ಲವಂತೆ. ಅದರ ಬದಲಿಗೆ ಸೊಸೆ ಫೋನಿನಲ್ಲಿ ಎಲ್ಲೋ ಹುಡುಕಿ ತೆಗೆದ ಉಪಾಯ ಕಡಲೆ ಬೆಂದ ನೀರು, ಡಿಸೆಂಬರಿನಲ್ಲೂ ಅದನ್ನೇ ಬಳಸಿದ್ದಳಂತೆ. ನಾನು ನಕ್ಕೆ. ಕಾಳು ಬೆಂದ ನೀರಿಗೆ ನಮ್ಮಲ್ಲಿ ಕಟ್ಟು ಎನ್ನುತ್ತಾರೆ, ಅದರಲ್ಲಿ ಬಸ್ಸಾರು ಮಾಡಿ ಮುದ್ದೆಗೆ ಹಾಕಿಕೊಳ್ಳುತ್ತಾರೆ. ಬಸ್ಸಾರಿನ ಕಟ್ಟಿನಿಂದ ಬಿಸ್ಕತ್ತಿಗೆ ಸುಣ್ಣ ಹೊಡೆಯುವುದನ್ನು ನಾನು ಕೇಳಿರಲಿಲ್ಲ. ಬೆಳಿಗ್ಗೆ ಕಡಲೆ ಬೇಯಿಸಿ ನೀರು ಎತ್ತಿಡಿ ಮಾವ, ಚೆಲ್ಲಬೇಡಿ ಎಂದಷ್ಟೇ ಹೇಳಿ ಅವಳು ಮಲಗಿದಳು. ಆದೇಶ ಸ್ಪಷ್ಟವಾಗಿತ್ತು. ನೀರು ಚೆಲ್ಲಲಿಲ್ಲ.

ಏಳು ಗಂಟೆಗೆ ಸೊಸೆ ಎದ್ದು ಬಂದು ಆ ನೀರನ್ನು ಸೋಸಿ, ಸಣ್ಣ ಉರಿಯಲ್ಲಿ ಅರ್ಧಕ್ಕಿಳಿಸಿ, ಆರಲು ಇಟ್ಟಳು. ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಎರಡು ಸಲ ಜರಡಿ ಹಿಡಿಯುವುದು ನನ್ನ ಪಾಲಿಗೆ ಬಂತು. ಎಂಟೂವರೆಗೆ ನಿಂಬೆರಸ ನಾಲ್ಕು ಹನಿ ಹಾಕಿ ಬೀಟರ್ ಹಿಡಿದಳು. ಹದಿನೆಂಟು ನಿಮಿಷ ಅದು ಗುರ್ ಎಂದ ಮೇಲೆ ಬಸ್ಸಾರಿನ ನೀರು ನಿಜವಾಗಿಯೂ ಬೆಳ್ಳಗೆ ಉಬ್ಬಿ ಪಾತ್ರೆಯ ತುಂಬ ನಿಂತಿತು. ನಾನು ನಗುವುದನ್ನು ನಿಲ್ಲಿಸಿದೆ. ಇವತ್ತು ಯಾಕೋ ತಡವಾಗಿ ನೊರೆ ಬಂತು ಎಂದು ಅವಳು ಹೇಳಿದ್ದು ಕಿವಿಗೆ ಬಿತ್ತು. ಗಾಡಿ ತಡವಾದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ವಿಚಾರಿಸಬೇಕು ಎಂದು ಎಷ್ಟೋ ಹುಡುಗರಿಗೆ ಪಾಠ ಹೇಳಿದ ನಾನು ಅಂದು ವಿಚಾರಿಸಲಿಲ್ಲ.

ಅಷ್ಟರಲ್ಲಿ ಬಿಸ್ಕತ್ತಿನ ತಪಾಸಣೆ ನಡೆಸಿದೆ. ಅವಳ ಹತ್ತಿರ ಇದ್ದದ್ದು ಕ್ರಿಸ್‌ಮಸ್ಸಿನ ಅಚ್ಚುಗಳು ಮಾತ್ರ. ಹಾಗಾಗಿ ಕವಲು ಕೊಂಬಿನ ಜಿಂಕೆಯ ಕೊಂಬು ಕತ್ತರಿಸಿ ಅದನ್ನು ಸಂಕ್ರಾಂತಿ ಹಸು ಮಾಡಿದ್ದಳು. ಗಂಟೆಯನ್ನು ತಲೆಕೆಳಗು ಮಾಡಿ ಕೊಡ ಎಂದಳು. ಕ್ರಿಸ್‌ಮಸ್ ಮರ ಗೋಪುರವಾಯಿತು. ಹಿಮದ ಮನುಷ್ಯನನ್ನು ಮಾತ್ರ ಏನೂ ಮಾಡಲಾಗಲಿಲ್ಲ, ಮಧ್ಯಾಹ್ನಕ್ಕೆ ಬೆವರು ಬರುವ ಊರಿನಲ್ಲಿ ಅವನು ಹಾಗೆಯೇ ಉಳಿದ. ಅಂಚು ಕೆಟ್ಟದ್ದು, ಕಾಲು ಸೊಟ್ಟಗಿದ್ದದ್ದು, ಒಂದು ಬದಿ ಕೆಂಪಾದದ್ದು ಎಲ್ಲವನ್ನೂ ನಾನು ಬೇರೆ ತೆಗೆದೆ. ಮೂವತ್ತೆಂಟು ಪಾಸು, ಇಪ್ಪತ್ತಾರು ಫೇಲು. ಇಷ್ಟೊಂದಾ ಮಾವ ಎಂದಳು. ತಟ್ಟೆಗೆ ಹೋಗುವುದು ಅಂದರೆ ಸುಮ್ಮನೆಯೇ ಎಂದೆ. ಫೇಲಾದವಕ್ಕೆ ಐಸಿಂಗ್ ಇಲ್ಲ, ಅಕ್ಕನ ಮನೆಯ ಮಕ್ಕಳು ತಿನ್ನಲಿ ಎಂದು ಬೇರೆ ಡಬ್ಬದಲ್ಲಿ ಹಾಕಿಸಿದೆ.

ಇನ್ನೊಂದು ಆಜ್ಞೆಯನ್ನೂ ನಾನೇ ಹೊರಡಿಸಿದ್ದು. ಎಳ್ಳಿನ ತಟ್ಟೆಗೆ ಮಾಡಿದ್ದನ್ನು ಅಕ್ಕನ ಮನೆಯ ದೇವರ ಮುಂದೆ ಇಡುವ ತನಕ ಯಾರೂ ರುಚಿ ನೋಡಬಾರದು, ಬೆರಳು ನೆಕ್ಕಬಾರದು. ಸೊಸೆ ಮೆಹಂದಿ ಕೋನಿನಂಥ ಕೋನು ಮಾಡಿ ಬಿಸ್ಕತ್ತಿನ ಅಂಚಿಗೆ ಗೆರೆ ಹಾಕಿ ನಡುವೆ ತುಂಬುತ್ತಿದ್ದಾಗ ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಅವಳ ಹೆಬ್ಬೆರಳಿಗೆ ಐಸಿಂಗ್ ಅಂಟಿದಾಗ ನಾನು ಕೆಮ್ಮಿದೆ. ಅವಳು ಹೋಗಿ ಕೈ ತೊಳೆದು ಬಂದಳು. ಆ ಕೆಮ್ಮನ್ನು ನೆನೆದರೆ ಇಂದಿಗೂ ಗಂಟಲು ಕೆರೆಯುತ್ತದೆ.

ಹನ್ನೊಂದರಿಂದ ಎರಡು ಗಂಟೆಯವರೆಗೆ ಫ್ಯಾನಿನ ಕೆಳಗೆ ಒಣಗಿಸಿದೆವು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟಕ್ ಟಕ್ ಎನ್ನುತ್ತಿತ್ತು. ಬಿಳಿ, ಗಟ್ಟಿ, ಮೊಟ್ಟೆ ಇಲ್ಲ. ಮೂರಕ್ಕೆ ಮೂರು. ಎರಡೂ ಕಾಲಿಗೆ ಕಾರಿನಲ್ಲಿ ಹೊರಟೆವು. ಸೊಸೆ ಓಡಿಸಿದಳು, ನಾನು ಪಾಸಾದವರ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಗುಬ್ಬಿಯವರೆಗೆ ರಸ್ತೆಯ ಪ್ರತಿ ಉಬ್ಬಿಗೂ ಉಸಿರು ಹಿಡಿದೆ. ಫೇಲಾದವರು ಹಿಂದಿನ ಸೀಟಿನಲ್ಲಿ ತಮ್ಮ ಪಾಡಿಗೆ ತಾವು ಕುಲುಕಾಡಿಕೊಂಡು ಬಂದರು.

ಅಕ್ಕ ಅಡುಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಕಟ್ಟೆಯ ಮೇಲಿನ ಸಾಮಾನು. ಅಚ್ಚಿನ ಮರಗಳನ್ನು ಒರೆಸಿ ಸಾಲಾಗಿ ಇಟ್ಟಿದ್ದಳು. ಪಕ್ಕದಲ್ಲಿ ಸಕ್ಕರೆ ಡಬ್ಬ, ಶೋಧಿಸುವ ಬಿಳಿ ಬಟ್ಟೆ, ಹಿಡಿಯಿರುವ ಸಣ್ಣ ಪಾತ್ರೆ. ಎಷ್ಟು ದಿನದಿಂದ ಹಾಗೆ ಇಟ್ಟಿದ್ದಳೋ ಗೊತ್ತಿಲ್ಲ. ಸೇಬು ತಂದ ನಾವೆಲ್ಲ ನಡುಮನೆಯಲ್ಲೇ ಕೂತು ಎದ್ದು ಹೋಗಿದ್ದೆವು, ಒಬ್ಬರೂ ಅಡುಗೆಮನೆಗೆ ಬಂದಿರಲಿಲ್ಲ.

ಡಬ್ಬ ತೆರೆದೆ. ಅಕ್ಕ ಒಂದು ಗೋಪುರವನ್ನು ಎಡಗೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ ನೋಡಿದಳು. ಮುಖ ಸ್ವಲ್ಪ ಸಡಿಲವಾಯಿತು. ಮೊಟ್ಟೆ ಎಂದು ಕೇಳಲು ಬಾಯಿ ತೆರೆದವಳು ಸೊಸೆಯ ಮುಖ ನೋಡಿ ಮುಚ್ಚಿಕೊಂಡಳು. ಗೋಪುರವನ್ನು ದೇವರ ಮುಂದಿಟ್ಟು, ಕೈ ಮುಗಿದು, ಬಂದು ಕೂತು, ಅದರ ತುದಿ ಕಡಿದಳು. ಕಟಕ್ ಎಂದಿತು. ಸೊಸೆಯ ಕೈಯದನ್ನು ಅಕ್ಕ ತಿಂದದ್ದು ಅದೇ ಮೊದಲು.

ಎರಡು ಸಲ ಅಗಿದಳು. ನಿಲ್ಲಿಸಿದಳು. ನೀರಿನ ಲೋಟಕ್ಕೆ ಕೈ ಚಾಚಿದಳು.

“ಇದಕ್ಕೆ ಉಪ್ಪು ಹಾಕ್ದೋರು ಯಾರು?”

ಸೊಸೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣು ದೊಡ್ಡವಾದವು. ನನ್ನ ಕಡೆ ನೋಡಲಿಲ್ಲ, ನೆಲ ನೋಡಿದಳು. ನನಗೆ ಆರನೆಯ ಸಾಲು ನೆನಪಾಯಿತು. ಒಂದೂವರೆ ಚಮಚ, ಅದರ ಮೇಲೆ ನೀರನ್ನು ಅರ್ಧಕ್ಕಿಳಿಸಿದ್ದು. ಸುಮ್ಮನಿದ್ದರೆ ತಪ್ಪು ತಾನಾಗಿಯೇ ಅವಳ ತಲೆಯ ಮೇಲೆ ಬೀಳುತ್ತಿತ್ತು. ಕೇಕಿನವಳು, ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ಗೊತ್ತಿಲ್ಲ ಎಂಬ ಮಾತು ಮಾರನೆಯ ದಿನಕ್ಕೆ ಕುಣಿಗಲ್ ಮುಟ್ಟುತ್ತಿತ್ತು. ಒಂದು ಕ್ಷಣ ಸುಮ್ಮನಿದ್ದೆ ಕೂಡ. ಅದನ್ನೂ ಬರೆಯಬೇಕು, ಬರೆದಿದ್ದೇನೆ.

“ನಾನು ಅಕ್ಕ. ಪಟ್ಟೀಲಿ ಹಂಗೇ ಇತ್ತು.”

“ಪಟ್ಟೀಗೆ ನಾಲಿಗೆ ಇಲ್ಲ ಕಣೋ. ನಿಂಗಿತ್ತಲ್ಲ?”

ಎಂಜಲಾಗುತ್ತದೆಂದು ಯಾರೂ ರುಚಿ ನೋಡಲಿಲ್ಲ ಎಂದೆ. ಆ ಕಾನೂನು ಯಾರದು ಎಂದು ಅಕ್ಕ ಕೇಳಿದಳು. ಅದೂ ನನ್ನದೇ ಎಂದೆ. ಆಗ ಸೊಸೆ ಮೆಲ್ಲಗೆ ಹೇಳಿದಳು.

“ನನ್ನ ಒಂದ್ಮಾತು ಕೇಳ್ಬೋದಿತ್ತಲ್ಲ ಮಾವ.”

“ನೀನು ಮಲಗಿದ್ದೆ,” ಎಂದೆ. ನನ್ನ ಕಿವಿಗೇ ಅದು ಉತ್ತರದಂತೆ ಕೇಳಲಿಲ್ಲ.

ಮೂರು ಗಂಟೆ ಇಪ್ಪತ್ತು ನಿಮಿಷ. ಇಪ್ಪತ್ತೊಂದು ಮನೆ. ಮೂವತ್ತೆಂಟು ಬಿಸ್ಕತ್ತು, ಎಲ್ಲವೂ ಉಪ್ಪು. ಅಕ್ಕ ಲೋಟದ ನೀರನ್ನು ನೋಡುತ್ತ ಕೂತಳು. ಬಾಗಿಲು ಹಾಕಿಕೊಳ್ಳುವ ಲೆಕ್ಕ ಹಾಕುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಹೋಗಿ ಅಂಗಡಿಯಿಂದ ಅಚ್ಚು ತರಲೇ ಎಂದು ಕೇಳಲು ಹೊರಟಿದ್ದೆ. ನನ್ನ ಅದೃಷ್ಟ, ಅದಕ್ಕೆ ಮೊದಲೇ ಸೊಸೆ ಕಟ್ಟೆಯ ಹತ್ತಿರ ಹೋಗಿ ಸಣ್ಣ ಪಾತ್ರೆಯನ್ನು ಕೈಗೆತ್ತಿಕೊಂಡಳು.

“ಅತ್ತೆ, ಅಚ್ಚಿನ ಪಾಕ ಹೆಂಗೆ ಮಾಡೋದು? ನೀವು ಹೇಳಿ, ನಾನು ತಿರುವ್ತೀನಿ.”

ಎರಡೂವರೆ ತಿಂಗಳಲ್ಲಿ ಆ ಮಾತನ್ನು ಅಕ್ಕನಿಗೆ ಮೊದಲು ಹೇಳಿದವಳು ಅವಳು. ಅಕ್ಕ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮರದ ಅಚ್ಚು ರಾತ್ರಿಯೆಲ್ಲ ನೀರಿನಲ್ಲಿ ನೆನೆಯಬೇಕು, ಒಣಗಿದ ಮರಕ್ಕೆ ಈಗ ಹುಯ್ದರೆ ಪಾಕ ಕಚ್ಚಿಕೊಂಡುಬಿಡುತ್ತದೆ, ಆಗುವುದಿಲ್ಲ ಎಂದಳು. ಆಮೇಲೆ ತಾನೇ ಕೇಳಿದಳು, ಆ ಇನ್ನೊಂದು ಡಬ್ಬದಲ್ಲಿ ಏನಿದೆ?

ಫೇಲಾದವರು. ಇಪ್ಪತ್ತಾರು, ಮೈಮೇಲೆ ಏನೂ ಇಲ್ಲದವರು. ಅಕ್ಕ ಒಂದು ಸೊಟ್ಟ ಕಾಲಿನ ಹಸುವನ್ನು ತೆಗೆದು, ಇದನ್ನು ಯಾಕೆ ಬಿಟ್ಟದ್ದು ಎಂದಳು. ಕಾಲು ನೆಟ್ಟಗಿಲ್ಲ ಅಂತ ಮಾವ ತೆಗೆದರು ಎಂದು ಸೊಸೆ ಹೇಳಿದಳು. ನನ್ನ ಕಾಲೂ ನೆಟ್ಟಗಿಲ್ಲ, ನನ್ನನ್ನೂ ಡಬ್ಬಕ್ಕೆ ಹಾಕು ಅನ್ನು ಎಂದಳು ಅಕ್ಕ. ಪಾಕವನ್ನು ಅಚ್ಚಿಗೆ ಹುಯ್ಯುವ ಬದಲು ಬಿಸ್ಕತ್ತಿನ ಮೇಲೆ ಹುಯ್ಯುವುದೆಂದು ತೀರ್ಮಾನವಾಯಿತು.

ಸಕ್ಕರೆಗೆ ನೀರು ಹಾಕಿ ಕುದಿಸಿ, ಹಾಲು ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ಬಟ್ಟೆಯಲ್ಲಿ ಶೋಧಿಸಿದ್ದಾಯಿತು. ಅದರಲ್ಲಿ ಒಂದೊಂದೇ ಸೌಟು ಸಣ್ಣ ಪಾತ್ರೆಗೆ ತೆಗೆದು ಮಂದ ಉರಿಯಲ್ಲಿ ತಿರುವಬೇಕು. ಗುಟ್ಟೆಲ್ಲ ಇಳಿಸುವ ಕ್ಷಣದಲ್ಲಿದೆ. ಮೊದಲೇ ಇಳಿಸಿದರೆ ಅಂಟಾಗಿ ಉಳಿಯುತ್ತದೆ, ಹೊತ್ತಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಮೊದಲನೆಯ ಸೌಟು ಮೂರು ಬಿಸ್ಕತ್ತಿಗೆ ಮುದ್ದೆಮುದ್ದೆಯಾಗಿ ಬಿದ್ದು, ಉಳಿದದ್ದು ಪಾತ್ರೆಗೆ ಸಿಮೆಂಟಿನಂತೆ ಕೂತಿತು. ಅಕ್ಕ ಬೈಯಲಿಲ್ಲ. ಪಾತ್ರೆಯನ್ನು ನನ್ನ ಕಡೆ ತಳ್ಳಿಸಿ, ಉಜ್ಜು ಎಂದಳು.

ಆ ಸೌಟು ಒಲೆಯ ಮೇಲಿದ್ದಾಗಲೇ ನಾನು ಗಡಿಯಾರ ನೋಡಿಟ್ಟಿದ್ದೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ಹೊತ್ತು ಮೀರಿತು, ಮುಂದಿನದನ್ನು ನಾಲ್ಕಕ್ಕೆ ಇಳಿಸಿ ಎಂದು ಸಲಹೆ ಕೊಟ್ಟೆ.

“ಗಡಿಯಾರ ಜೇಬಿಗೆ ಹಾಕ್ಕೊ. ಅದೇನು ನಿನ್ನ ಪ್ಯಾಸೆಂಜರ್ ಗಾಡಿಯಾ?” ಎಂದಳು ಅಕ್ಕ. ಸೊಸೆ ಆ ಕಡೆ ಮುಖ ತಿರುಗಿಸಿ ನಕ್ಕಳು, ಬೆನ್ನು ಕುಲುಕಿದ್ದರಿಂದ ಗೊತ್ತಾಯಿತು.

ಆಮೇಲೆ ಅಕ್ಕ ಕುರ್ಚಿಯನ್ನು ಒಲೆಯ ಪಕ್ಕಕ್ಕೇ ಎಳೆಸಿಕೊಂಡಳು. ಅವಳ ಕಣ್ಣು ಪಾತ್ರೆಯ ಅಂಚಿನ ಮೇಲೆ, ಸೊಸೆಯ ಕಣ್ಣು ಅಕ್ಕನ ಮೇಲೆ. ಅಂಚಿನಲ್ಲಿ ಸಣ್ಣ ಬಿಳಿ ನೊರೆ ಗೆರೆಯಂತೆ ಕಟ್ಟಿದಾಗ ಅಕ್ಕ ಹ್ಞೂಂ ಎಂದಳು. ಸೊಸೆ ಇಳಿಸಿ, ನಾಲ್ಕು ಸುತ್ತು ತಿರುವಿ, ಹುಯ್ದಳು. ಬಿಸ್ಕತ್ತಿನ ಮೇಲೆ ಪಾಕ ನೀರಿನಂತೆ ಹರಡಿ, ನಾವು ನೋಡುತ್ತಿದ್ದಂತೆಯೇ ಮಂಜಾಗಿ, ಬೆಳ್ಳಗಾಗಿ, ಹತ್ತು ನಿಮಿಷದಲ್ಲಿ ಕಲ್ಲಾಯಿತು. ಮೂರು ತಾಸು ಫ್ಯಾನು ಬೇಕಾಗಲಿಲ್ಲ. ಕೈ ಒಬ್ಬರದು, ಹದ ಒಬ್ಬರದು, ಪಾತ್ರೆ ಉಜ್ಜುವುದು ಒಬ್ಬರದು, ಐದು ಗಂಟೆ ಐವತ್ತು ನಿಮಿಷಕ್ಕೆ ಮುಗಿಯಿತು.

ಕೆಟ್ಟ ಮೂರನ್ನು ಬಿಟ್ಟು ಇಪ್ಪತ್ಮೂರು. ಒಂದು ದೇವರಿಗೆ. ಇಪ್ಪತ್ತೊಂದು ಮನೆಗೆ ಇಪ್ಪತ್ತೊಂದು. ಉಳಿದ ಒಂದು ಹಿಮದ ಮನುಷ್ಯ. ಅದನ್ನು ಸೊಸೆ ಅಂಗೈಯಲ್ಲಿಟ್ಟು ಚಾಚಿದಳು. ಇಡಮ್ಮ ಆಮೇಲೆ ತಿಂತೀನಿ ಎನ್ನುತ್ತಾಳೆ ಎಂದು ನಾನು ಕಾದೆ. ಅಕ್ಕ ತೆಗೆದುಕೊಂಡು, ತಿರುಗಿಸಿ ನೋಡಿ, ಈ ಕುತ್ತಿಗೆ ಇಲ್ಲದವನು ಯಾರು ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವನ ತಲೆ ಕಡಿದಳು. ಪೂರ್ತಿ ತಿಂದಳು. ಚೆನ್ನಾಗಿದೆ ಎನ್ನಲಿಲ್ಲ. ಸೆರಗಿಗೆ ಬಾಯಿ ಒರೆಸಿಕೊಂಡು, ಮುಂದಿನ ವರ್ಷ ಮರಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು, ನೀನು ಒಂದು ದಿನ ಮೊದಲೇ ಬಾ ಎಂದು ಸೊಸೆಗೆ ಹೇಳಿದಳು. ನನಗೆ, ಆ ಉಪ್ಪಿನ ಮೂವತ್ತೇಳನ್ನೂ ಎಸೆಯಬೇಡ, ಕಾಫಿಗೆ ದಿನಕ್ಕೆರಡರಂತೆ ನೀನೇ ಮುಗಿಸು ಎಂದಳು. ಈ ಬರಹದ ಹೊತ್ತಿಗೆ ಹದಿಮೂರು ಉಳಿದಿವೆ.

ಎಳ್ಳು ಬೆಲ್ಲದ ಇಪ್ಪತ್ತೊಂದು ಪೊಟ್ಟಣದ ಮೇಲೆ ಒಂದೊಂದನ್ನು ಇಟ್ಟು ಕಟ್ಟಿ, ಬಾಗಿಲ ಹತ್ತಿರದ ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಮೇಲೆಯೇ ಅಕ್ಕ ನಮ್ಮನ್ನು ಬಿಟ್ಟಳು.

ಸಂಜೆ ಏಳೂ ಕಾಲಿಗೆ ತುಮಕೂರು ಮನೆ. ಮಗ ಸೋಂಪು ಅಗಿಯುತ್ತ ಬಾಗಿಲು ತೆಗೆದ, ಬಿಸ್ಕತ್ತು ಉಳಿದಿದೆಯಾ ಎಂದ. ಡಬ್ಬದಿಂದ ಒಂದು ಕೊಡುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ, ಅದು ನನ್ನ ಶಿಕ್ಷೆ, ಹಂಚುವಂತಿಲ್ಲ. ಕುಕ್ಕರಿನಲ್ಲಿ ಬೆಳಗಿನ ಕಡಲೆ ಹಾಗೇ ಇತ್ತು. ಸೊಸೆ ಅದಕ್ಕೆ ಒಗ್ಗರಣೆ ಕೊಟ್ಟು, ತೆಂಗಿನಕಾಯಿ ತುರಿದು ಹಾಕಿ, ಉಸಲಿ ಮಾಡಿದಳು. ಉಪ್ಪು ಸರಿಯಾಗಿತ್ತು.

ಊಟವಾದ ಮೇಲೆ ಬೀರುವಿನ ಬಾಗಿಲು ತೆರೆದು, ಆರನೆಯ ಸಾಲಿನಲ್ಲಿ ‘ಉಪ್ಪು ಒಂದೂವರೆ ಚಮಚ’ ಎಂಬಲ್ಲಿ ‘ಕೇಳಿ ಹಾಕುವುದು’ ಎಂದು ಸೇರಿಸಿದೆ. ಎಂಟು ಗಂಟೆ ಹತ್ತು ನಿಮಿಷಕ್ಕೆ ಪೆನ್ನಿನ ಮುಚ್ಚಳ ಹಾಕಿದೆ.